ಯಾರೂ ತೊಡದ ಅಂಗಿ

"ಮುಟ್ಟಬೇಡ ಅಂದ್ನಲ್ಲ! ಕಿವಿ ಕೇಳ್ಸಲ್ವಾ? ನೂರು ವರ್ಷದ ಅಂಗಿ ಅದು, ನಿನ್ನ ಗಿರಾಕಿ ಪ್ಯಾಂಟಲ್ಲ!"

"ಕೂಗಾಡ್ಬೇಡ ಅಣ್ಣ, ಕೂಗೋಕೆ ನನಗೂ ಬರುತ್ತೆ. ಈ ಅಂಗಿ ಹಾಕ್ಕೊಂಡು ಯಾವ ಗಂಡಸೂ ದುಡಿದಿಲ್ಲ. ಬೇಕಾದ್ರೆ ಬರ್ಕೊಡ್ತೀನಿ."

"ಬರೆಯೋದು ನನ್ನ ಕೆಲಸ. ನೀನು ಇಸ್ತ್ರಿ ತಿಕ್ಕು, ಸಾಕು."

ಅಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಆ ವಾರ ಜಗಲಿಯಲ್ಲಿ ಕೂತು ಬರೆಯುತ್ತಿದ್ದದ್ದು ನಮ್ಮದೇ ವಂಶವೃಕ್ಷ. ನೂರು ವರ್ಷದ ಹಿಂದೆ ಈ ಬಂಜರಿಗೆ ಬಂದು ಮನೆ ಕಟ್ಟಿದ ಮುತ್ತಜ್ಜ, ಮುತ್ತಜ್ಜಿ ಬುಡದಲ್ಲಿ, ನಾವೆಲ್ಲ ಕೊಂಬೆಗಳಲ್ಲಿ. ಪಕ್ಕಕ್ಕೆ ಗಾಜಿನ ಚೌಕಟ್ಟಿನೊಳಗೆ ಮುತ್ತಜ್ಜನ ಅಂಗಿ ತೂಗುಹಾಕಬೇಕೆಂದು ಅವನ ಆಸೆ. ದುಡಿದು ದುಡಿದು ಸವೆದ ಅಂಗಿ ಎಂದು ಅಪ್ಪನೂ ಹೇಳುತ್ತಿದ್ದರು.

ನಾನು ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಅಂಗಡಿ ನಡೆಸುವವಳು. ದುಡಿದವನ ಅಂಗಿ ಎಲ್ಲಿ ಸವೆಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಕೊರಳಪಟ್ಟಿ, ಆಮೇಲೆ ಮೊಣಕೈ. ಕಂಕುಳಲ್ಲಿ ಕೂತ ಹಳದಿ ಕಲೆ ಯಾವ ಸೋಪಿಗೂ ಹೋಗದು. ಈ ಅಂಗಿಯ ಕೊರಳಪಟ್ಟಿ ಹೊಸದರ ಹಾಗಿತ್ತು, ಮೊಣಕೈ ಗಟ್ಟಿಯಾಗಿತ್ತು, ಕಂಕುಳಲ್ಲಿ ಒಂದು ಕಲೆಯೂ ಇರಲಿಲ್ಲ. ಆದರೆ ಬೆನ್ನು ಬಿಸಿಲಿಗೆ ಬಣ್ಣಗೆಟ್ಟು ಜಾಳುಜಾಳಾಗಿತ್ತು. ಹಗ್ಗದ ಮೇಲೆ ಮಡಿಚಿ ಹಾಕುವ ಜಾಗದಲ್ಲಿ ಬೆರಳು ತಾಗಿದರೆ ಹರಿಯುವ ಹಾಗಿತ್ತು. ಒಗೆದು ಒಣಗಿಸಿ, ಒಗೆದು ಒಣಗಿಸಿಯೇ ಸವೆದದ್ದು.

ಅಣ್ಣನ ಮೇಲಿನ ಸಿಟ್ಟಿಗೇ ಮರುದಿನ ಅಂಗಡಿ ಮುಚ್ಚಿ, ಮುತ್ತಜ್ಜನ ಹಳೆಯ ದಾಖಲೆ ಹುಡುಕಲು ಭೂದಾಖಲೆ ಕಚೇರಿಗೆ ಹೋದೆ. ಗುಮಾಸ್ತ ನಾಲ್ಕು ಸಲ ಸೀನಿ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಹಾಕಿದ.

"ಆಗ ಗಂಡ-ಹೆಂಡ್ತಿ ಇಬ್ರೂ ಇದ್ರೆ ಮಾತ್ರ ಸರ್ಕಾರ ಬಂಜರು ಭೂಮಿ ಕೊಡ್ತಿತ್ತು, ಅಕ್ಕಾ. ಹನ್ನೆರಡು ವರ್ಷ, ವರ್ಷಕ್ಕೊಂದು ತಪಾಸಣೆ. ಒಬ್ರೇ ಉಳಿದ್ರೆ ವಾಪಸ್ ಕಿತ್ಕೊಳ್ತಿದ್ರು."

ನಮ್ಮ ಮನೆಯ ಪುಟದಲ್ಲಿ ಮೊದಲ ಮೂರು ವರ್ಷ "ಇಬ್ಬರೂ ಹಾಜರು" ಎಂದಿತ್ತು. ನಾಲ್ಕನೆಯ ವರ್ಷ: ಗಂಡ ಸೌದೆಗೆ ಹೋಗಿದ್ದಾನೆ, ಹೆಂಡತಿಯ ಹೇಳಿಕೆ. ಐದನೆಯದು: ಗಿರಣಿಗೆ ಹೋಗಿದ್ದಾನೆ. ಆರನೆಯದು: ತಪ್ಪಿಸಿಕೊಂಡ ಹಸು ಹುಡುಕಲು ಹೋಗಿದ್ದಾನೆ. ಎಲ್ಲ ಒಬ್ಬನೇ ಅಧಿಕಾರಿಯ ಕೈಬರಹ. ಒಂಬತ್ತನೆಯ ವರ್ಷ ಹೀಗಿತ್ತು: "ಹಗ್ಗದ ಮೇಲೆ ಗಂಡಸಿನ ಅಂಗಿ ಇತ್ತು. ಹೆಚ್ಚು ವಿಚಾರಿಸಲಿಲ್ಲ." ಆಮೇಲಿನ ಮೂರು ವರ್ಷ ಬರೀ "ಅಂಗಿ ಇತ್ತು."

ಅಜ್ಜ ಆಗ ಕೈಕೂಸು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುತ್ತಜ್ಜಿ ಯಾರೂ ತೊಡದ ಅಂಗಿಯನ್ನು ನೆನೆಸಿ, ತಿಕ್ಕಿ, ಹಿಂಡಿ, ದಾರಿಗೆ ಕಾಣುವ ಹಾಗೆ ಹರವಿದ್ದಾಳೆ. ಒಂಬತ್ತು ವರ್ಷ. ಗಂಡ ಬಿಟ್ಟುಹೋದ ಎಂದು ಒಬ್ಬರ ಮುಂದೆ ಬಾಯಿಬಿಟ್ಟು ಅಳುವ ಹಾಗಿಲ್ಲ, ಅತ್ತರೆ ಮನೆ ಹೋಗುತ್ತದೆ. ಆ ಪುಟದ ಮೇಲೆ ಕೈಯಿಟ್ಟು ಕೂತುಬಿಟ್ಟೆ. ಗುಮಾಸ್ತ ನೀರು ಬೇಕಾ ಎಂದ. ಬೇಡ ಎಂದು ಗದರಿದೆ.

ನನ್ನ ಗಂಡ ಬಿಟ್ಟುಹೋಗಿ ಎಂಟು ವರ್ಷವಾಗಿತ್ತು. ಅಂದಿನಿಂದ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಬಂದವರಿಗೆಲ್ಲ "ತಂಗಿ ಯಜಮಾನ್ರು ಹೊರಗಡೆ ದೊಡ್ಡ ಕೆಲಸದಲ್ಲಿದ್ದಾರೆ" ಎಂದು ಅವನು ಹೇಳುವುದು, ನಾನು ತಲೆಯಾಡಿಸುವುದು. ನಾನೂ ಯಾರ ಮುಂದೆಯೂ ಅತ್ತವಳಲ್ಲ.

ಮನೆಗೆ ಬಂದಾಗ ಅಣ್ಣ ವಂಶವೃಕ್ಷದಲ್ಲಿ ನನ್ನ ಕೊಂಬೆಗೆ ಬಂದಿದ್ದ. ನನ್ನ ಗಂಡನ ಹೆಸರು, ಅದರ ಕೆಳಗೆ "ಹೊರ ಊರಿನಲ್ಲಿ ಉದ್ಯೋಗ". ಬಣ್ಣ ಇನ್ನೂ ಹಸಿಯಾಗಿತ್ತು. ಅತ್ತಿಗೆ ಕುಂಚ ತೊಳೆಯುತ್ತಿದ್ದರು. ಕಚೇರಿಯಲ್ಲಿ ಕಂಡದ್ದನ್ನೆಲ್ಲ ಇಬ್ಬರಿಗೂ ಹೇಳಿದೆ.

"ಅದನ್ನ ಅಳಿಸು ಅಣ್ಣ. ಬಿಟ್ಟುಹೋದ ಅಂತ ಬರಿ. ಮುತ್ತಜ್ಜಂದೂ ಹಾಗೇ ಬರಿ."

"ತಲೆ ಕೆಟ್ಟಿದೆಯಾ? ಮನೆತನದ ಬೋರ್ಡಲ್ಲಿ ಓಡಿಹೋದವರ ಪಟ್ಟಿ ಹಾಕ್ತಾರಾ ಯಾರಾದ್ರೂ?"

"ಊರಿಗೆಲ್ಲಾ ಗೊತ್ತಿರೋದೇ ಅಲ್ವೇನ್ರೀ?" ಎಂದರು ಅತ್ತಿಗೆ ಮೆಲ್ಲಗೆ.

"ಗೊತ್ತಿರೋದು ಬೇರೆ, ಬರೆಯೋದು ಬೇರೆ! ನೀನು ಕುಂಚ ನೋಡ್ಕೋ." ನನ್ನ ಕಡೆ ತಿರುಗಿದ. "ಮುತ್ತಜ್ಜಿ ಬಾಯಿ ಮುಚ್ಕೊಂಡಿದ್ದಕ್ಕೇ ಈ ಮನೆ ಉಳಿದಿದ್ದು. ನೀನೇ ಹೇಳಿದ್ಯಲ್ಲ ಈಗ? ನೀನೂ ಮುಚ್ಕೊಂಡಿರು."

"ಬಾಯಿಬಿಟ್ರೆ ಅವಳಿಗೆ ಭೂಮಿ ಹೋಗ್ತಿತ್ತು. ನನಗೇನು ಹೋಗುತ್ತೆ?"

"ನನ್ನ ಮಾನ ಹೋಗುತ್ತೆ ಕಣೇ!"

"ನಿನ್ನ ಮಾನಾನ ನಾನ್ಯಾಕೆ ಒಗೆದು ಒಣಗಿಸ್ಲಿ?"

ಅವನು ಕುಂಚ ಅದ್ದಿ, "ಉದ್ಯೋಗ" ಎಂಬುದರ ಮೇಲೆ ಇನ್ನೊಂದು ಸಲ ತಿದ್ದಿದ, ದಪ್ಪಗೆ ಕಾಣಲೆಂದು.

ಒಳಗೆ ಹೋಗಿ ನಾಲ್ಕು ಸೀರೆ, ಔಷಧಿ ಡಬ್ಬಿ ಚೀಲಕ್ಕೆ ತುಂಬಿದೆ. ಎಂಟು ವರ್ಷ ಇದ್ದ ಕೋಣೆ ಖಾಲಿಯಾಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅತ್ತಿಗೆ ಒದ್ದೆ ಕೈಯಲ್ಲೇ ಗೇಟಿನ ತನಕ ಓಡಿಬಂದರು.

"ಕೋಪ ಇಳಿದ್ಮೇಲೆ ಊಟಕ್ಕಾದ್ರೂ ಬಾರೇ. ತಟ್ಟೆ ಹಾಕಿರ್ತೀನಿ."

ಹ್ಞೂಂ ಎಂದೆ. ಆಮೇಲೆ ಆ ಕಡೆ ಹೋಗಲಿಲ್ಲ.