ಕಾಲಂಗುಲ

೧೯೪೧ನೇ ಇಸವಿ ಮೇ ಹನ್ನೊಂದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪರಮಶಿವಯ್ಯ ಹಾಸನದ ಬೋರ್ಡಿಂಗಿನ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಹಳೆಯ ಊಟದ ಮನೆಯ ಬಾಗಿಲ ಚೌಕಟ್ಟು. ಹೊಸ ಊಟದ ಮನೆ ಎದ್ದಿತ್ತು. ಅದರ ಪ್ರವೇಶದ ನೆವದಲ್ಲಿ ಹಳೆಯ ವಿದ್ಯಾರ್ಥಿಗಳಿಗೆಲ್ಲ ಊಟಕ್ಕೆ ಕರೆ ಹೋಗಿತ್ತು. ಕಿತ್ತ ಚೌಕಟ್ಟನ್ನು ಹೊಂಗೆ ಮರಕ್ಕೆ ಒರಗಿಸಿದ್ದರು. ಅದರ ಒಂದು ಪಕ್ಕದ ಉದ್ದಕ್ಕೂ ಚಾಕುವಿನಲ್ಲಿ ಕೊರೆದ ಗೆರೆಗಳು, ಗೆರೆಗೊಂದೊಂದು ಹೆಸರು. ವರ್ಷಕ್ಕೊಮ್ಮೆ ಹುಡುಗರನ್ನು ಅಲ್ಲಿ ನಿಲ್ಲಿಸಿ ಎತ್ತರ ಅಳೆಯುವುದು ಆ ಬೋರ್ಡಿಂಗಿನ ಪದ್ಧತಿ. ೧೯೧೨ರಲ್ಲಿ ತಲೆಯ ಮೇಲೆ ಅಡ್ಡಪಟ್ಟಿ ಇಟ್ಟು ಗೆರೆ ಕೊರೆದವನು ಮಾನಿಟರ್ ಪರಮಶಿವಯ್ಯನೇ.

ಇವತ್ತು ಅವನು ಬಂದದ್ದು ಊಟಕ್ಕಲ್ಲ. ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಹಪಾಠಿ ಚನ್ನಬಸವಯ್ಯ ತನ್ನ ಮಗ ಗೌರೀಶಂಕರನಿಗೆ ಪರಮಶಿವಯ್ಯನ ಮಗಳು ಗಂಗಾಂಬಿಕೆಯನ್ನು ನೋಡಿ ಹೋಗಿ ಒಪ್ಪಿದ್ದ. ಜೊತೆಯವರ ಮುಂದೆ ತಾಂಬೂಲ ಬದಲಾಯಿಸೋಣ ಎಂದು ಹೇಳಿ ಕಳಿಸಿದ್ದ. ಹುಡುಗ ಓವರ್‌ಸಿಯರ್, ಐದಡಿ ನಾಲ್ಕಂಗುಲ. ಹುಡುಗಿಯ ಎತ್ತರ ಕೇಳಿದಾಗ ಪರಮಶಿವಯ್ಯ ಐದಡಿ ಮೂರಂಗುಲ ಎಂದಿದ್ದ.

ಅದು ಸುಳ್ಳು. ಉಷ್ಣಮಾಪಕದ ಅರ್ಧ ಗೆರೆಯನ್ನು ತಪ್ಪಾಗಿ ಓದಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ವಿಜ್ಞಾನದ ಮೇಷ್ಟ್ರು ಅವನು. ಆದರೆ ಎರಡು ವರ್ಷದ ಹಿಂದೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ರುದ್ರಯ್ಯ, ಅವನೂ ಇದೇ ಬೋರ್ಡಿಂಗಿನವನು, ತನ್ನ ಮಗನಿಗೆಂದು ಹುಡುಗಿ ನೋಡಲು ಬಂದು, ಹೊಟ್ಟೆ ತುಂಬ ತಿಂದು, ಹೊರಗೆ ಹೋಗಿ, “ಆ ಉಡುಗಿ ನಮ್ಮನೆಗೆ ಬಂದ್ರೆ ಕಾಯಿ ಕೀಳಾಕೆ ಗಳುವೇ ಬ್ಯಾಡ” ಎಂದಿದ್ದ. ಮಾತು ಮೂರು ತಾಲ್ಲೂಕು ಸುತ್ತಿತು. ಆಮೇಲೆ ಬರುತ್ತೇವೆಂದಿದ್ದ ಎರಡು ಮನೆಯವರು ಬರಲೇ ಇಲ್ಲ.

ಆ ರುದ್ರಯ್ಯ ಈಗ ಜಗಲಿಯ ಮೇಲೆ ನಾಲ್ಕು ಜನರ ನಡುವೆ ಕಾಲು ಚಾಚಿ ಕುಳಿತಿದ್ದ.

“ಬಾರ್ಲಾ ಮೇಷ್ಟ್ರೇ. ಇನ್ನೂ ಅಸಿಸ್ಟೆಂಟೇಯಾ? ಎಡ್ ಮೇಷ್ಟ್ರು ಮಾಡ್ನಿಲ್ವಾ?”

“ಇಲ್ಲ. ನಿನ್ನ ಅಟ್ಟದ ಕೊಬ್ಬರಿಗೆ ಬೂಸ್ಟು ಹಿಡಿದಿತ್ತಂತೆ?”

“ಒಸಿ ಇಡೀತು.”

“ಗಾಳಿ ಆಡದ ಕಡೆ ಹಿಡಿಯುತ್ತೆ. ತಲೆಗೂ ಹಾಗೇ.”

ಸುತ್ತಲಿದ್ದವರು ನಕ್ಕರು. ರುದ್ರಯ್ಯನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು. “ನನ್ ದೊಡ್ ಮಗಳನ್ನ ಅರಕಲಗೂಡಿಗೆ ಕೊಟ್ಟೆ ಕಣ್ಲಾ. ಎಲ್ಡು ಗಂಡು ಮೊಮ್ಮಕ್ಳು. ನಿನ್ ಮನೆ ಬಾಗ್ಲಿಗೆ ಇನ್ನೂ ತೋರಣ ಕಟ್ನಿಲ್ವಲ್ಲ? ಓಗ್ಲಿ ಬುಡು, ಕಟ್ಟುದ್ರೂ ಮಗೀನ ತಲೆಗೆ ತಗುಲ್ತದೆ.”

ಪರಮಶಿವಯ್ಯನ ಕಿವಿ ಬಿಸಿಯಾಯಿತು. ಜಗಲಿ ಹತ್ತಿ ಅವನ ಪಕ್ಕದಲ್ಲಿ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದ: “ರುದ್ರ, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು. ನಾಳೆಯಿಂದ ಏನು ಬೇಕಾದರೂ ಅನ್ನು.”

“ಯಾಕೆ, ಇವತ್ತೇನು?”

ಹೇಳಬಾರದಿತ್ತು ಎಂದು ಆ ಕ್ಷಣವೇ ಅನ್ನಿಸಿತು. ಅಷ್ಟರಲ್ಲಿ ಚನ್ನಬಸವಯ್ಯ ಎಲೆ ಅಡಿಕೆ, ಬಾಳೆಹಣ್ಣು ಜೋಡಿಸಿದ ತಟ್ಟೆ ಹಿಡಿದು ಬಂದ.

“ಎಲ್ಲಾ ಇದೀರಲ್ಲ, ಸರಿಯಾಯ್ತು. ನಮ್ ಗೌರೀಶಂಕರಂಗೆ ಪರಮಶಿವಯ್ಯನ ಮಗಳನ್ನ ತಂದ್ಕೊತೀವಿ. ನೀವೇ ಸಾಕ್ಷಿ.”

“ಬೋ ಸಂತೋಷ,” ಎಂದ ರುದ್ರಯ್ಯ. “ಎತ್ರ ಕೇಳ್ದ್ಯಾ?”

“ಕೇಳ್ದೆ. ಐದಡಿ ಮೂರಂಗುಲ ಅಂದ. ನಮ್ಮೋನು ನಾಕು. ಜೋಡಿ ಆಯ್ತದೆ.”

ರುದ್ರಯ್ಯ ಈ ಸಲ ನಗಲಿಲ್ಲ. ಎದ್ದು ನೇರವಾಗಿ ಹೊಂಗೆ ಮರದ ಹತ್ತಿರ ಹೋದ. ಚೌಕಟ್ಟಿನ ಗೆರೆಗಳ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ.

“ಬಾರ್ಲಾ ಇಲ್ಲಿ. ಇದ್ಯಾರ ಗೆರೆ? ಎಷ್ಟು?”

ಓದುವ ಅಗತ್ಯ ಪರಮಶಿವಯ್ಯನಿಗೆ ಇರಲಿಲ್ಲ. “ನಿನ್ನದು. ನಾಲ್ಕಡಿ ಏಳೂಮುಕ್ಕಾಲು.”

“ಮೈಸೂರಿಗೆ ದಸರೆ ಡ್ರಿಲ್ಲಿಗೆ ಓಗಾಕೆ ಎಷ್ಟು ಬೇಕಿತ್ತು?”

“ಎಂಟು.”

“ಕಾಲಂಗುಲ!” ರುದ್ರಯ್ಯ ಚನ್ನಬಸವಯ್ಯನ ಕಡೆ ತಿರುಗಿದ. “ದಸರೆಗೆ ಅಂತ ನಮ್ಮಪ್ಪ ಒಸಾ ಕೋಟು ಒಲ್ಸಿದ್ದ. ಡ್ರಿಲ್ ಮೇಷ್ಟ್ರು, ಓಗ್ಲಿ ಪಾಪ, ಎಂಟು ಅಂತ ಬರ್ಕೊ ಅಂದ್ರು. ಇವನು ಏನಂದ ಗೊತ್ತಾ? ‘ಇದ್ದದ್ದನ್ನೇ ಬರೀಬೇಕು ಸಾ.’ ಮ್ಯಾಲಿಂದ ಆ ಪಟ್ಟೀನ ನನ್ ಬುರುಡೆ ನೋಯಂಗೆ ಒತ್ದ. ಕೋಟು ಪೆಟ್ಟಿಗೇಲೇ ಇತ್ತು. ಮುಂದಿನ ವರ್ಸಕ್ಕೆ ತೋಳು ಮೇಲಕ್ಕೋಯ್ತು.”

“ಮೂವತ್ತು ವರ್ಷ ಆಯಿತಲ್ಲೋ ರುದ್ರ!”

“ಇಪ್ಪತ್ತೊಂಬತ್ತು. ಅಳತೆ ಸರಿಯಾಗಿರ್ಲಿ. ನಿನ್ ಮಗಳನ್ನ ನಿಮ್ಮನೆ ನಡೂ ಮನೇಲಿ ನಾನೇ ಕಂಡಿವ್ನಿ. ನನ್ ಮಗನ ಪೇಟದ ಮ್ಯಾಲಿಂದ ನೋಡ್ತಿತ್ತು. ನಂಗೆ ಕಾಲಂಗುಲ ಬುಡ್ದೇ ಇದ್ದೋನು ನಿನ್ ಮನೆ ಅಳತೇಲಿ ಮೂರಂಗುಲ ನುಂಗ್ಕೊಂಡ್ಯಾ?”

ಪರಮಶಿವಯ್ಯ ಅವನ ಶರ್ಟಿನ ಕತ್ತುಪಟ್ಟಿಗೆ ಕೈ ಹಾಕಿದ. ಯಾರೋ ಬಂದು ಬಿಡಿಸಿದರು. ಬಿಡಿಸಿದ ಮೇಲೂ ಬೆರಳುಗಳು ಮಡಿಚಿಕೊಂಡೇ ಇದ್ದವು. ಹೊಡೆದಿದ್ದರೂ ಏನು ಹೇಳಿ ಹೊಡೆಯುತ್ತಿದ್ದ? ರುದ್ರಯ್ಯ ಆಡಿದ್ದರಲ್ಲಿ ತಿದ್ದುವುದಕ್ಕೆ ಒಂದು ಅಕ್ಷರವೂ ಇರಲಿಲ್ಲ.

ಚನ್ನಬಸವಯ್ಯ ತಟ್ಟೆಯನ್ನು ಎದೆಗೆ ಹತ್ತಿರ ಹಿಡಿದುಕೊಂಡಿದ್ದ. “ಅದುಕ್ಕೇನಾ,” ಎಂದ ನಿಧಾನವಾಗಿ. “ನಮ್ಮನೆಯೋಳು ನಿಮ್ಮನೆಯಿಂದ ಬಂದಾಗ್ನಿಂದ ಅದೇ ಅಂತಿದ್ಲು, ಉಡುಗಿ ನಡಿಗೆ ಯಾಕೋ ಸರಿಯಿಲ್ಲ, ಕಾಲು ಐಬಿರ್ಬೇಕು ಅಂತ. ನಾನೇ ಗದರ್ಸಿ ಬಾಯಿ ಮುಚ್ಚುಸ್ದೆ.”

ಪರಮಶಿವಯ್ಯನಿಗೆ ಇದು ಹೊಳೆದಿರಲೇ ಇಲ್ಲ. ಸೀರೆಯ ನೆರಿಗೆಯೊಳಗೆ ಮಂಡಿ ಬಗ್ಗಿಸಿ ನಡೆ, ನೆರಿಗೆ ಮುಚ್ಚಿಕೊಳ್ಳುತ್ತೆ, ಯಾರಿಗೂ ತಿಳಿಯುವುದಿಲ್ಲ ಎಂದು ಅವರು ಹುಡುಗಿ ನೋಡಲು ಬರುವ ಹಿಂದಿನ ದಿನ ಸಂಜೆಯೆಲ್ಲ ಅಭ್ಯಾಸ ಮಾಡಿಸಿದವನು ಅವನೇ. ಗಂಗಾಂಬಿಕೆ ಅಡುಗೆ ಮನೆಯಿಂದ ನಡೂ ಮನೆಗೆ ಪಾನಕದ ಲೋಟಗಳನ್ನು ಹಾಗೆಯೇ ತಂದಿದ್ದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

“ಚನ್ನಬಸವಯ್ಯ, ಕಾಲಿಗೆ ಏನೂ ಆಗಿಲ್ಲ. ದೇವರಾಣೆ.”

“ಆಣೆ ಬ್ಯಾಡ. ನನ್ ಗಿರಣಿ ತಕ್ಕಡೀನ ನೀನೇ ಅಲ್ವಾ ಸರಿಮಾಡ್ಕೊಟ್ಟಿದ್ದು? ನಿನ್ ಬಾಯಿಂದ ಬಂದ ಅಳತೆ ಅಂತ ಮರುಮಾತು ಕೇಳ್ನಿಲ್ಲ ನಾನು. ಇನ್ನು ಏನೇಳಿದ್ರೂ ಎಂಗಯ್ಯ ನಂಬಾದು? ಈ ಸಂಬಂಧ ಬ್ಯಾಡ.” ಅವನು ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು, ಹೆಗಲ ವಸ್ತ್ರವನ್ನು ಸರಿಮಾಡಿಕೊಂಡ. ಎರಡು ಹೆಜ್ಜೆ ಹೋದವನು ನಿಂತ. “ಮನೇಲಿ ಕೇಳ್ತಾರೆ. ನಿಜ್ವಾಗೂ ಎಷ್ಟು?”

ರುದ್ರಯ್ಯ ಚೌಕಟ್ಟಿಗೆ ಒರಗಿ ನಿಂತು ಕಾಯುತ್ತಿದ್ದ. ಅವನ ಬಾಯಿಯ ಒಂದು ಕೊನೆ ಆಗಲೇ ಮೇಲಕ್ಕೆದ್ದಿತ್ತು. ಐದೂವರೆ ಅಡಿ ಇರಬಹುದು ಎಂದುಬಿಡಬಹುದಿತ್ತು. ಅದು ಅಂಥ ಸುಳ್ಳೂ ಆಗುತ್ತಿರಲಿಲ್ಲ. ಕಾಲಂಗುಲ ಮಾತ್ರ ಉಳಿಯುತ್ತಿತ್ತು.

ಹುಡುಗಿ ನೋಡಿದ ಆ ದಿನ ಚನ್ನಬಸವಯ್ಯನ ಮನೆಯವರು ಎದ್ದು ಹೋದ ಮೇಲೆ ಮಗಳು ಅಡುಗೆ ಮನೆಯ ಹೊಸ್ತಿಲ ಮೇಲೆ ಕುಳಿತು ಮಂಡಿ ಒತ್ತಿಕೊಳ್ಳುತ್ತಿದ್ದಳು. ತಲೆಯೆತ್ತದೆ ಕೇಳಿದ್ದಳು: “ಅಪ್ಪಾಜಿ, ಮದುವೆ ಆದ ಮೇಲೂ ಇಂಗೇ ನಡೀಬೇಕಾ?” ಅವನು ಅಂಗಳಕ್ಕೆ ಹೋಗಿಬಿಟ್ಟಿದ್ದ.

ಪರಮಶಿವಯ್ಯ ರುದ್ರಯ್ಯನ ಮುಖ ನೋಡಲಿಲ್ಲ. ಚನ್ನಬಸವಯ್ಯನನ್ನು ನೋಡಿ, ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದ.

“ಐದಡಿ ಆರೂಕಾಲು ಅಂಗುಲ.”