ಡಗಲ್‌ನ ಕೈಯಳತೆ

ಹುಹಾನಾಳಿಗೆ ಸಿಟ್ಟು ಬಂದಿದೆ ಎಂಬುದು ಎಲ್ಲರಿಗಿಂತ ಮೊದಲು ಅವಳು ಓಡಿಸುವ ಬಸ್ಸಿನ ಮಕ್ಕಳಿಗೆ ತಿಳಿಯುತ್ತಿತ್ತು. ಅವಳು ಕೂಗಾಡುವವಳಲ್ಲ. ರೇಡಿಯೊ ಬಂದ್ ಮಾಡುತ್ತಿದ್ದಳು, ಗೇರನ್ನು ಬೇಕಾದ್ದಕ್ಕಿಂತ ಜೋರಾಗಿ ತಳ್ಳುತ್ತಿದ್ದಳು, ಅಷ್ಟೇ. ಏಪ್ರಿಲ್ ತಿಂಗಳ ಆ ಸೋಮವಾರ ಟುವಾಟಾಪೆರೆ ಊರಿನ ಶಾಲೆಯ ಬಸ್ಸಿನಲ್ಲಿ ಒಂದು ಮಗುವೂ ಪಿಟ್ಟೆನ್ನಲಿಲ್ಲ.

ಸಿಟ್ಟಿಗೆ ಕಾರಣ ಶನಿವಾರದ ಬೇಟೆ. ಅಲ್ಲಿ ಜೂನಿನಲ್ಲಿ ಶುರುವಾಗುವ ಚಳಿಗಾಲದ ಮಾಂಸಕ್ಕೆಂದು ಅವಳು ಪ್ರತಿವರ್ಷದಂತೆ ವಾಯಾವ್ ನದಿಯ ಮೇಲ್ಗಡೆಯ ಬೀಚ್ ಎಂಬ ಮರಗಳ ಕಾಡಿಗೆ ಒಬ್ಬಳೇ ಹೋಗಿದ್ದಳು. ಅಪ್ಪ ಬಿಟ್ಟುಹೋದ ಬಂದೂಕು, ಅದರ ಮೇಲೆ ಹೊಸದಾಗಿ ಕೂರಿಸಿದ ದುರ್ಬೀನು. ಬಯಲಿನ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ ಮೇಯುತ್ತಿತ್ತು. ದೂರ ಹೆಚ್ಚಿರಲಿಲ್ಲ, ಗಾಳಿಯೂ ಇರಲಿಲ್ಲ. ಬೆನ್ನುಚೀಲವನ್ನು ನೆಲಕ್ಕಿಟ್ಟು, ಅದರ ಮೇಲೆ ಬಂದೂಕು ಊರಿ, ಉಸಿರು ಹಿಡಿದು ಜಿಂಕೆಯ ಭುಜದ ಹಿಂದಕ್ಕೆ ಗುರಿಯಿಟ್ಟು ಹೊಡೆದಳು. ಗುಂಡು ಹೋಗಿ ಬಿದ್ದದ್ದು ಜಿಂಕೆಯ ದವಡೆಗೆ.

ಜಿಂಕೆ ಓಡಿತು. ಎಲೆಗಳ ಮೇಲಿನ ರಕ್ತದ ಹನಿ ಹುಡುಕುತ್ತ ಅವಳು ಕತ್ತಲಾಗುವವರೆಗೂ ಅದರ ಬೆನ್ನು ಹತ್ತಿದಳು, ಸಿಗಲಿಲ್ಲ. ಬೆಳಗಾದ ಮೇಲೆ ಸಿಕ್ಕಿತು. ಒಂದು ಹಳ್ಳದ ನಡುವೆ ನಿಂತಿತ್ತು. ಕೆಳದವಡೆ ಜೋತುಬಿದ್ದು, ನಾಲಿಗೆ ನೀರಿನಲ್ಲಿ ತೇಲುತ್ತಿತ್ತು. ಕಾಲಡಿಯಲ್ಲೇ ನೀರು ಹರಿಯುತ್ತಿದ್ದರೂ ಅದಕ್ಕೆ ಕುಡಿಯಲು ಬರುತ್ತಿರಲಿಲ್ಲ. ಅವಳನ್ನು ಕಂಡರೂ ಓಡಲಿಲ್ಲ. ಹುಹಾನಾ ತೀರ ಹತ್ತಿರ ಹೋಗಿ, ದುರ್ಬೀನಿನಲ್ಲಿ ನೋಡದೆಯೇ, ಕುತ್ತಿಗೆಗೆ ನಳಿಗೆ ಹಿಡಿದು ಮುಗಿಸಿದಳು.

ಮಾಂಸವನ್ನು ಹೊತ್ತು ಇಳಿಯುವಾಗ ಅವಳು ಬೈದುಕೊಂಡದ್ದು ತನ್ನನ್ನೇ. ಕಣ್ಣು ಮಂಜಾಯಿತೇ, ಬೆರಳು ಎಳೆಯಿತೇ, ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಬಂತು ಎಂದು ತಲೆ ಕೆಡಿಸಿಕೊಂಡಳು. ಮನೆ ಸೇರುವ ಹೊತ್ತಿಗೆ ಮಾತ್ರ ಇನ್ನೊಂದು ಯೋಚನೆ ಹೊಕ್ಕಿತು. ದುರ್ಬೀನನ್ನು ಕೂರಿಸಿಕೊಟ್ಟವನು ಡಗಲ್.

ಡಗಲ್ ಅವಳ ಗಂಡ ಕಾಲಮ್‌ನ ಅಣ್ಣ. ಊರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ. ಬೇಟೆಯ ಕಾಲ ಬಂತೆಂದರೆ ಸುತ್ತಲಿನವರೆಲ್ಲ ಬಂದೂಕು ಹಿಡಿದು ಅವನಲ್ಲಿಗೇ ಬರುತ್ತಿದ್ದರು. ದುರ್ಬೀನನ್ನು ಎರಡು ಉಂಗುರಗಳ ನಡುವೆ ಕೂರಿಸಿ, ಪುಟ್ಟ ಸ್ಕ್ರೂಗಳನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಕೆಲಸ ಅದು. ಕಡಿಮೆಯಾದರೆ ಪ್ರತಿ ಗುಂಡಿನ ಒದೆತಕ್ಕೂ ದುರ್ಬೀನು ಜರುಗುತ್ತದೆ, ಹೆಚ್ಚಾದರೆ ಅದರ ಕೊಳವೆಯೇ ಚಪ್ಪಟೆಯಾಗುತ್ತದೆ. ಎಷ್ಟು ಬಿಗಿಯಬೇಕೆಂದು ಉಂಗುರದ ಪೊಟ್ಟಣದ ಮೇಲೆ ಬರೆದಿರುತ್ತದೆ. ಡಗಲ್ ಅದನ್ನು ಓದದೆ ಕಸದಬುಟ್ಟಿಗೆ ಹಾಕುತ್ತಿದ್ದ. ತನ್ನ ಕೈಯೇ ಅಳತೆ ಎನ್ನುತ್ತಿದ್ದ. ಜನ ನಂಬುತ್ತಿದ್ದರು, ಹುಹಾನಾಳೂ ನಂಬಿದ್ದಳು.

ಸೋಮವಾರ ಮಕ್ಕಳನ್ನು ಇಳಿಸಿದವಳೇ ಅವನ ಅಂಗಡಿಗೆ ಹೋದಳು. ಇಬ್ಬರು ಗಿರಾಕಿಗಳು ಟೀ ಕುಡಿಯುತ್ತ ಕೂತಿದ್ದರು. ನಡೆದದ್ದನ್ನು ಹೇಳಿ, ಬಂದೂಕು ತರುತ್ತೇನೆ, ಒಮ್ಮೆ ಸ್ಕ್ರೂ ನೋಡು ಎಂದಳು. ಡಗಲ್ ಚಕ್ರದಿಂದ ತಲೆ ಎತ್ತಲಿಲ್ಲ.

"ಸ್ಕ್ರೂ ಸರಿಯಾಗೇ ಇದೆ ಮಾರಾಯ್ತಿ. ಬಂದೂಕಿನ ಕುದುರೆ ಎಳೆಯೋವಾಗ ನೀನು ಕಣ್ಣು ಮುಚ್ಚಿರ್ತೀಯ. ಹೆಂಗಸರದ್ದು ಅದೊಂದು ಚಾಳಿ."

ಟೀ ಕುಡಿಯುತ್ತಿದ್ದವರು ನಕ್ಕರು. ಅದರಲ್ಲೊಬ್ಬನಿಗೆ ಮೊದಲ ಸಲ ಜಿಂಕೆಯ ಹೆಜ್ಜೆ ಗುರುತಿಸುವುದನ್ನು ಕಲಿಸಿದವಳೇ ಹುಹಾನಾ. ಅವಳು ಹೊರಬಂದಳು. ಬಸ್ಸಿನ ಬಾಗಿಲು ಎಳೆದು ಹಾಕಿ, ಗೇರನ್ನು ಜೋರಾಗಿ ತಳ್ಳಿ ಹೊರಟಳು.

ಮರುದಿನ ಪರಿಚಯದವರ ಕುರಿಗಾವಲಿನಲ್ಲಿ ಹಲಗೆ ನಿಲ್ಲಿಸಿ, ಕಾಗದ ಅಂಟಿಸಿ ಹೊಡೆದು ನೋಡಿದಳು. ಮರಳಿನ ಚೀಲದ ಮೇಲೆ ಬಂದೂಕು ಕಲ್ಲಿನಂತೆ ಕೂತಿತ್ತು. ಆದರೂ ಗುಂಡುಗಳು ಒಂದು ಇಲ್ಲಿ, ಒಂದು ಅಲ್ಲಿ, ಇನ್ನೊಂದು ಕಾಗದದ ಹೊರಗೇ ಹೋದವು. ಮನೆಗೆ ತಂದು ಉಂಗುರಗಳನ್ನು ಬಿಚ್ಚಿದಳು. ಹಿಂದಿನ ಉಂಗುರದ ಒಂದು ಸ್ಕ್ರೂ ಬೆರಳಿಗೇ ತಿರುಗಿತು. ಮುಂದಿನದರದ್ದನ್ನು ಬಿಚ್ಚಲು ಸ್ಕ್ರೂ ತಿರುಗಿಸುವ ಕೀಲಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಬೇಕಾಯಿತು. ಉಂಗುರ ತೆಗೆದು ನೋಡಿದರೆ ಹೊಸ ದುರ್ಬೀನಿನ ಕೊಳವೆ ಸುತ್ತಲೂ ತಗ್ಗು ಬಿದ್ದು, ಯಾರೋ ಹಲ್ಲಿನಲ್ಲಿ ಕಚ್ಚಿದಂತಿತ್ತು.

ಅದನ್ನೇ ಒಯ್ದು ಡಗಲ್‌ನ ಮುಂದಿಟ್ಟಾಗ, ಎಲ್ಲೋ ಬೀಳಿಸಿರಬೇಕು ಎಂದ. ಬಿದ್ದರೆ ಉಂಗುರದಾಕಾರಕ್ಕೆ ತಗ್ಗಾಗುತ್ತದೆಯೇ ಎಂದು ಕೇಳಿದಳು. ಅವನು ಗಾಳಿಯಂತ್ರ ಹಾಕಿದ, ಅವಳ ಮಾತು ಅದರ ಸದ್ದಿನಲ್ಲಿ ಮುಳುಗಿಹೋಯಿತು.

ಇನ್ನು ತನ್ನ ಬಂದೂಕಿನ ಸ್ಕ್ರೂವನ್ನು ಬೇರೆ ಯಾರೂ ಮುಟ್ಟಕೂಡದು ಎಂದು ಅವಳು ಆಗಲೇ ನಿಶ್ಚಯಿಸಿದಳು. ಶುಕ್ರವಾರ ಇನ್ವರ್ಕಾರ್ಗಿಲ್ ಪಟ್ಟಣಕ್ಕೆ ಹೋಗಿ, ಬಂದೂಕಿನ ಅಂಗಡಿಯಲ್ಲಿ, ಸ್ಕ್ರೂವನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್ ತೋರಿಸಿ ಎಂದಳು. ಅಂಗಡಿಯವನು ಮೊದಲು, ಯಜಮಾನರಿಗೆ ಉಡುಗೊರೆಯೇ ಎಂದು ಕೇಳಿದ. ಅವಳು ನೋಡಿದ ನೋಟಕ್ಕೆ ಮುಂದೆ ಆ ಧಾಟಿಯಲ್ಲಿ ಮಾತಾಡಲಿಲ್ಲ.

ಅವನು ಗಾಜಿನ ಮೇಲೆ ಮೂರನ್ನು ಇಟ್ಟ. ಒಂದು ತುಂಬ ಸಣ್ಣದು. ಕಾರ್ಖಾನೆಯಲ್ಲಿ ಕೂರಿಸಿದ ಒಂದೇ ಅಳತೆ, ಅಷ್ಟಾದೊಡನೆ ಜಾರಿಬಿಡುತ್ತದೆ. ಉಂಗುರಕ್ಕೆ ಸರಿ, ಆದರೆ ಉಂಗುರಗಳನ್ನು ಬಂದೂಕಿಗೆ ಹಿಡಿದಿಡುವ ಕೆಳಗಿನ ಪಟ್ಟಿಯ ಸ್ಕ್ರೂಗಳಿಗೆ ಇನ್ನೂ ಹೆಚ್ಚು ಬಿಗಿ ಬೇಕು, ಅದಕ್ಕೆ ಇದು ಬರುವುದಿಲ್ಲ. ಎರಡನೆಯದು ಬ್ಯಾಟರಿಯದು, ಪುಟ್ಟ ಪರದೆಯಲ್ಲಿ ಅಂಕಿ ತೋರಿಸಿ ಕೀಂ ಎನ್ನುತ್ತದೆ. ಅಂಗಡಿಯವನ ಮನಸ್ಸೆಲ್ಲ ಅದರ ಮೇಲಿತ್ತು. ಚಳಿಯಲ್ಲಿ ಬ್ಯಾಟರಿ ಸತ್ತರೆ ಏನು ಮಾಡಲಿ ಎಂದು ಅವಳು ಕೇಳಿದಳು. ಹೊಸದು ಹಾಕಬೇಕು ಎಂದ. ಬೆಟ್ಟದ ಗುಡಿಸಲಿನಲ್ಲಿ ಹೊಸದನ್ನು ಎಲ್ಲಿಂದ ತರಲಿ ಎಂದಳು. ಅವನು ಅದನ್ನು ಪಕ್ಕಕ್ಕೆ ಸರಿಸಿದ.

ಮೂರನೆಯದು ದಪ್ಪ ಹಿಡಿಯ ಸ್ಕ್ರೂಡ್ರೈವರಿನಂತಿತ್ತು. ಹಿಡಿಯ ಬುಡ ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿದರೆ, ಅಷ್ಟು ಬಿಗಿಯಾದೊಡನೆ ಟಕ್ ಎನ್ನುತ್ತದೆ. ಅಂಕಿ ಹತ್ತರಿಂದ ಅರವತ್ತರವರೆಗೆ. ಅವಳ ಉಂಗುರಗಳಿಗೆ ಬೇಕಾದದ್ದು ಹದಿನೆಂಟು, ಪಟ್ಟಿಗೆ ಮೂವತ್ತು. ಎರಡೂ ಕೊನೆಯ ಅಂಚಿಗೆ ಬೀಳದೆ ಒಳಗೇ ಬರುತ್ತಿದ್ದವು. ಅವಳು ಅಂಗಡಿಯ ಮೇಜಿನ ಇಕ್ಕಳಕ್ಕೆ ಕಚ್ಚಿಸಿದ್ದ ಒಂದು ಸ್ಕ್ರೂವಿನ ಮೇಲೆ ಮತ್ತೆ ಮತ್ತೆ ಬಿಗಿದು ನೋಡಿದಳು. ಆಮೇಲೆ ಕೈಗೆ ಉಣ್ಣೆಯ ಗವಸು ಹಾಕಿ, ಕಣ್ಣು ಮುಚ್ಚಿ ಬಿಗಿದಳು. ಟಕ್ ಎಂಬುದು ಅಂಗೈಗೇ ತಿಳಿಯುತ್ತಿತ್ತು. ಹಿಂದೆ ನಿಂತಿದ್ದ ಗಿರಾಕಿಗಳು ಗೊಣಗಿದರೂ ಅವಳು ಅವಸರ ಮಾಡಲಿಲ್ಲ. ಅದನ್ನೂ ಒಂದು ಹೊಸ ದುರ್ಬೀನನ್ನೂ ಕೊಂಡಳು. ಬೀಳಿಸಬೇಡಿ, ಬಿದ್ದರೆ ಒಳಗಿನ ಸ್ಪ್ರಿಂಗ್ ಅಳತೆ ತಪ್ಪುತ್ತದೆ ಎಂದು ಅಂಗಡಿಯವನು ಹೇಳಿ ಕಳಿಸಿದ.

ಭಾನುವಾರ ಅತ್ತೆ ಇಸೊಬೆಲ್‌ಳ ಮನೆಯಲ್ಲಿ ಊಟ. ಕಾಲಮ್ ಮೀನುದೋಣಿಯಿಂದ ಹಿಂದಿನ ದಿನವಷ್ಟೇ ಬಂದಿದ್ದ. ಡಗಲ್ ತನ್ನ ಹೆಂಡತಿ ಶೋನಾಳೊಂದಿಗೆ ಬಂದವನು ಉದ್ದನೆಯ ಪೊಟ್ಟಣವೊಂದನ್ನು ಹುಹಾನಾಳ ತಟ್ಟೆಯ ಪಕ್ಕಕ್ಕಿಟ್ಟ. ಮೇಲೆ ಕೆಂಪು ರಿಬ್ಬನ್ ಬೇರೆ. ಬಿಚ್ಚಿದರೆ ಒಳಗೆ ಲಾರಿಯ ಚಕ್ರದ ನಟ್ಟು ಬಿಗಿಯುವ, ತೋಳಿನಷ್ಟು ಉದ್ದದ ಟಾರ್ಕ್ ವ್ರೆಂಚ್.

"ನೀನು ಹುಡುಕ್ತಾ ಇದ್ಯಂತಲ್ಲ," ಎಂದ ಡಗಲ್. "ಇದಾದ್ರೆ ನಿನ್ನ ಕೈಲಿ ಹಿಡಿಯೋಕೆ ಸಲೀಸು."

ಅತ್ತೆ ನಕ್ಕಳು. ಕಾಲಮ್ ಕೂಡ ನಕ್ಕ. ಹುಹಾನಾ ರಿಬ್ಬನ್ನನ್ನು ಮಡಿಸಿ ಪಕ್ಕಕ್ಕಿಟ್ಟಳು. ತಾನು ಮಾಡಿ ತಂದಿದ್ದ ಮಾಂಸದ ಸಾಸೇಜಿನ ಎರಡನೆಯ ತುಂಡನ್ನು ಡಗಲ್ ಬಾಯಿಗಿಟ್ಟುಕೊಳ್ಳುವುದನ್ನು ನೋಡುತ್ತ ಮೆಲ್ಲಗೆ ಕೇಳಿದಳು.

"ಚೆನ್ನಾಗಿದ್ಯಾ?"

"ಚೆನ್ನಾಗಿದೆ. ಯಾಕೆ?"

"ಅದೇ ಜಿಂಕೆ ಅದು. ದವಡೆ ಕಿತ್ತುಹೋಗಿ ರಾತ್ರಿಯೆಲ್ಲ ನೀರಲ್ಲಿ ನಿಂತಿತ್ತು. ಕುಡಿಯೋಕಾಗದೆ ನಾಲಿಗೆ ಆಡಿಸ್ತಾ ಇತ್ತು. ನಿನ್ನ ಕೈಯಳತೆಯಿಂದ ಡಗಲ್. ಹಾಕ್ಕೋ, ಇನ್ನೂ ಇದೆ."

ಊಟದ ಹೊತ್ತಲ್ಲಿ ಇದೆಲ್ಲ ಯಾಕೆ, ಬಿಡಮ್ಮ ಎಂದು ಅತ್ತೆ ಸಮಾಧಾನ ಹೇಳಿದಳು. ಹುಹಾನಾ ಬಿಡಲಿಲ್ಲ. ಹಾಳಾದ ಆ ದುರ್ಬೀನೂ ಉಂಗುರಗಳೂ ಗಾಡಿಯಲ್ಲೇ ಇವೆ, ಶೆಡ್ಡಿಗೆ ಬಾ, ನಿನ್ನ ಕೈಯಿಂದಲೇ ಬಿಗಿ, ನಾನು ಅಳೆಯುತ್ತೇನೆ ಎಂದಳು. ಎಲ್ಲರೆದುರು ಹಿಂಜರಿಯುವುದು ಡಗಲ್‌ಗೆ ಸಾಧ್ಯವಿರಲಿಲ್ಲ.

ಶೆಡ್ಡಿನ ಮೇಜಿನ ಮೇಲೆ ಅವನು ಒಂದು ಉಂಗುರದ ನಾಲ್ಕು ಸ್ಕ್ರೂಗಳನ್ನೂ ಬಿಗಿದ. ಪ್ರತಿಯೊಂದಕ್ಕೂ ತಲೆ ವಾಲಿಸಿ, ಏನೋ ಆಲಿಸುವವನಂತೆ ನಿಧಾನವಾಗಿ ಬಿಗಿದ. ನಾಲ್ಕೂ ಒಂದೇ ಸಮ, ಬೇಕಾದರೆ ನೋಡಿಕೋ ಎಂದ. ಹುಹಾನಾ ತನ್ನ ವ್ರೆಂಚನ್ನು ಕೆಳಗಿನ ಅಂಕಿಗೆ ನಿಲ್ಲಿಸಿ, ಸ್ಕ್ರೂ ಜರುಗುವವರೆಗೆ ಒಂದೊಂದೇ ಅಂಕಿ ಏರಿಸುತ್ತ ಹೋದಳು. ಮೊದಲನೆಯದು ಹನ್ನೊಂದಕ್ಕೇ ತಿರುಗಿತು. ಎರಡನೆಯದು ಮೂವತ್ತು ದಾಟಿದ ಮೇಲೆ. ಮೂರನೆಯದು ಇಪ್ಪತ್ತನಾಲ್ಕಕ್ಕೆ. ನಾಲ್ಕನೆಯದು ಐವತ್ತಕ್ಕೂ ಜಪ್ಪಯ್ಯ ಅನ್ನಲಿಲ್ಲ. ಪ್ರತಿ ಅಂಕಿಯನ್ನೂ ಅವಳು ಹೇಳುವ ಮೊದಲೇ ಶೋನಾ ಬಗ್ಗಿ ಓದಿ ಗಟ್ಟಿಯಾಗಿ ಹೇಳುತ್ತಿದ್ದಳು. ಯಾಕೋ ಅವಳ ದನಿಯಲ್ಲಿ ಸ್ವಲ್ಪ ಖುಷಿಯಿತ್ತು.

ಡಗಲ್‌ನ ಕಿವಿಗಳು ಕೆಂಪಾದವು. ಇದು ಆಟದ ಸಾಮಾನು, ಇದರ ಅಳತೆಯೇ ಸುಳ್ಳು ಎಂದ. ಕೊಡು ನೋಡೋಣ ಎಂದು ಅವಳ ಕೈಯಿಂದ ಕಿತ್ತುಕೊಂಡು, ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಮೇಜಿನ ಕಡೆಗೆ ಎಸೆದ. ವ್ರೆಂಚ್ ಅಂಚಿಗೆ ತಾಗಿ ಸಿಮೆಂಟಿನ ನೆಲಕ್ಕೆ ಬಿತ್ತು.

"ಕೈ ಜಾರಿತು," ಎಂದ.

"ನಿನ್ನ ಕೈ ತಾನೇ," ಎಂದಳು ಹುಹಾನಾ. "ಜಾರದೆ ಏನು ಮಾಡುತ್ತೆ."

ಬಾಗಿ ಎತ್ತಿಕೊಂಡಳು. ಹಿಡಿಯ ಅಂಚು ಒಡೆದಿತ್ತು. ಅವನ ಕೆನ್ನೆಗೆ ಬಾರಿಸಬೇಕೆಂಬ ಆಸೆ ಅವಳ ಭುಜದವರೆಗೂ ಬಂದು ಅಲ್ಲೇ ನಿಂತಿತು.

ಮನೆಗೆ ಹೋಗುವ ದಾರಿಯಲ್ಲಿ ಕಾಲಮ್, ಅಣ್ಣನ ಸ್ವಭಾವವೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ಹುಹಾನಾ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

"ನೀನೂ ನಕ್ಕೆ."

"ಎಲ್ರೂ ನಕ್ಕರು, ನಾನೂ..."

"ಎಲ್ಲರನ್ನ ನಾನು ಕಟ್ಕೊಂಡಿಲ್ಲ. ನಿನ್ನ ಕಟ್ಕೊಂಡಿದೀನಿ."

ಕಾಲಮ್ ಹೊರಗಿನ ಬೇಲಿಯತ್ತ ತಿರುಗಿ, ತನ್ನ ಬಂದೂಕಿನ ದುರ್ಬೀನನ್ನೂ ಅಣ್ಣನೇ ಕೂರಿಸಿದ್ದು, ಅದನ್ನು ನೀನೇ ಬಿಚ್ಚಿ ಸರಿಮಾಡಿಕೊಡು ಎಂದು ಕೇಳಿದ. ಅವಳು ಅಷ್ಟಕ್ಕೆ ಒಲಿಯಲಿಲ್ಲ. ಮೊದಲು ಹೋಗಿ ಇದನ್ನೇ ನಿನ್ನ ಅಣ್ಣನ ಮುಖಕ್ಕೆ ಹೇಳಿ ಬಾ, ಆಮೇಲೆ ಬಂದೂಕು ತಾ ಎಂದಳು. ಮರುದಿನ ಬೆಳಿಗ್ಗೆ ದೋಣಿಗೆ ಹೋಗುವ ಮುಂಚೆ ಕಾಲಮ್ ಟೈರ್ ಅಂಗಡಿಗೆ ಹೋಗಿ ಹೇಳಿಯೇ ಬಂದ. ಅಣ್ಣ ತಮ್ಮಂದಿರು ಏನೇನು ಮಾತಾಡಿಕೊಂಡರೋ ಅವಳು ಕೇಳಲಿಲ್ಲ. ಬಂದವನ ಮುಖ ಮಾತ್ರ ಸುಣ್ಣ ಬಳಿದಂತಿತ್ತು.

ಬಿದ್ದ ವ್ರೆಂಚನ್ನು ಅವಳು ಇನ್ವರ್ಕಾರ್ಗಿಲ್‌ಗೆ ಕಳಿಸಿ ಅಳತೆ ಪರೀಕ್ಷೆ ಮಾಡಿಸಿದಳು. ತಪ್ಪಿತ್ತು, ಸರಿಮಾಡಿಸಿ ತಂದಳು. ಆಮೇಲೆ ಬೇಟೆಗಾರರ ಸಂಘದ ಸಭೆಯಲ್ಲಿ ಎದ್ದು ನಿಂತು, ಈ ವರ್ಷ ಡಗಲ್ ಕೂರಿಸಿದ ದುರ್ಬೀನುಗಳನ್ನೆಲ್ಲ ಕಾಡಿಗೆ ಹೋಗುವ ಮುಂಚೆ ಹೊಡೆದು ನೋಡಿ ಎಂದಳು. ಕೆಲವರು ಮುಖ ತಿರುಗಿಸಿದರು. ಮನೆಯ ಜಗಳವನ್ನು ಬೀದಿಗೆ ತರುತ್ತಾಳೆ ಎಂದರು. ಅಂಗಡಿಯಲ್ಲಿ ನಕ್ಕಿದ್ದವನು ಮಾತ್ರ ಆ ವಾರವೇ ಸದ್ದಿಲ್ಲದೆ ತನ್ನ ಬಂದೂಕು ತಂದ. ಅವಳು ಅದನ್ನು ಬಿಚ್ಚಿ ಕೂರಿಸಿ ಕೊಟ್ಟಳು, ಟೀ ಕೊಡಲಿಲ್ಲ.

ಡಗಲ್ ಚಳಿಗಾಲವಿಡೀ ಅವಳೊಂದಿಗೆ ಮಾತಾಡಲಿಲ್ಲ. ಬಂದೂಕು ತಂದವರನ್ನು, ತನಗೆ ಬೆನ್ನುನೋವು, ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದನಂತೆ. ಅದನ್ನು ಕೇಳಿ ಅವಳ ಸಿಟ್ಟು ಇನ್ನೂ ಏರಿತು. ತಪ್ಪಾಯಿತು ಎನ್ನುವ ಒಂದು ಮಾತಿಗಿಂತ ಸುಳ್ಳು ಬೆನ್ನುನೋವು ಅವನಿಗೆ ಹಗುರವಾಗಿತ್ತು.

ವಸಂತದ ಮೊದಲಲ್ಲಿ ಒಂದು ಮಧ್ಯಾಹ್ನ ಶೋನಾ ಫೋನ್ ಮಾಡಿದಳು. ದನಿ ತಗ್ಗಿಸಿದ್ದಳು.

"ಅವನ ಹುಟ್ಟುಹಬ್ಬ ಬರ್ತಾ ಇದೆ. ಬಂದೂಕಿನ ಸಾಮಾನಿನ ಪುಸ್ತಕದಲ್ಲಿ ವ್ರೆಂಚುಗಳಿರೋ ಒಂದೇ ಪುಟ ತೆಗೆದು ನೋಡ್ತಾ ಕೂತಿರ್ತಾನೆ. ಯಾವುದು ಅಂತ ಗೊತ್ತಾಗ್ತಾ ಇಲ್ಲ ಅವನಿಗೆ. ಕೇಳೋಕೆ ಬಾಯಿ ಬರಲ್ಲ. ನೀನು ತಗೊಂಡಿದ್ದು ಯಾವುದು?"

ಫೋನ್ ಇಟ್ಟುಬಿಡೋಣ ಎನ್ನಿಸಿತು ಹುಹಾನಾಳಿಗೆ. ಅವನಿಗೆ ಬಾಯಿ ಬರಲಿ, ಇಲ್ಲಿಗೆ ಬಂದು ಕೇಳಲಿ, ಆಮೇಲೆ ನೋಡೋಣ ಎಂಬ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅವನು ಮತ್ತೆ ಯಾರದ್ದಾದರೂ ಬಂದೂಕಿಗೆ ಕೈ ಹಾಕಿಯೇ ಹಾಕುತ್ತಾನೆ, ಗುಂಡು ಮತ್ತೆ ಎಲ್ಲೋ ಬೀಳುತ್ತದೆ ಎಂದುಕೊಂಡಳು. ಹಲ್ಲು ಕಚ್ಚಿ ಹೇಳಿದಳು. ಒಂದೇ ಅಳತೆಯದ್ದು ಬೇಡ, ಬ್ಯಾಟರಿಯದ್ದೂ ಬೇಡ. ಬುಡ ತಿರುಗಿಸಿ ಅಂಕಿ ಇಡುವಂಥದ್ದು, ಹತ್ತರಿಂದ ಅರವತ್ತು. ಕೆಲಸ ಮುಗಿದ ಮೇಲೆ ಕೆಳಗಿನ ಅಂಕಿಗೆ ಇಳಿಸಿಯೇ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಸೋಲುತ್ತದೆ. ಶೋನಾ ಒಂದೊಂದನ್ನೂ ತಿರುಗಿ ಹೇಳಿ ಬರೆದುಕೊಂಡಳು.

"ನೀನು ಹೇಳಿದ್ದು ಅಂತ ಅವನಿಗೆ ಹೇಳಲಾ?"

"ಬೇಡ. ಹೇಳಿದ್ರೆ ಅದನ್ನ ಮುಟ್ಟೋದೇ ಇಲ್ಲ ಅವನು."

ಫೋನ್ ಇಟ್ಟು, ಹಿತ್ತಲಿಗೆ ಹೋಗಿ, ಒಲೆಗೆ ಸೌದೆ ಒಡೆಯಲು ನಿಂತಳು. ಬೇಕಾದದ್ದು ಒಂದು ಬುಟ್ಟಿ. ಕಾಲಮ್ ಬಂದು ಸಾಕು ಎನ್ನುವ ಹೊತ್ತಿಗೆ ರಾಶಿ ಬೇಲಿಯ ಎತ್ತರಕ್ಕೆ ಬಂದಿತ್ತು.