ಅವನು ಜೋಡಿಸಿದ ಕಂಪ್ಯೂಟರ್

ತಂತಿಗಳನ್ನು ಎಷ್ಟು ಅಂದವಾಗಿ ಕಟ್ಟಿದ್ದಾನೆ ನೋಡು, ಜಡೆ ಹೆಣೆದ ಹಾಗೆ — ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ ಕೂಡಲೇ ಕಣ್ಣಿಗೆ ಬಿದ್ದದ್ದು ಅದೇ, ಧೂಳಲ್ಲ, ತುಕ್ಕಲ್ಲ, ಆ ಅಚ್ಚುಕಟ್ಟು. ಇದನ್ನು ಜೋಡಿಸಿದವನು ಹೆಂಡತಿಯ ಮೊದಲ ಗಂಡ, ತೀರಿಕೊಂಡು ಎಷ್ಟೋ ವರ್ಷವಾದ ಮನುಷ್ಯ, ಗೋಡೆಯ ಮೇಲೆ ಫೋಟೋ ಕೂಡ ಇಲ್ಲ, ತಮ್ಮ ಮದುವೆಯ ಹೊತ್ತಿಗೆ ಅವಳೇ ತೆಗೆದಿಟ್ಟಳು, ಆದರೆ ಮೇಜಿನ ಕೆಳಗೆ ಗುಂಯ್ ಎನ್ನುತ್ತ ಕೂತೇ ಇದ್ದಾನಲ್ಲ. ಹೊಸದು ತಗೊಳ್ಳೋಣ ಅಂದರೆ ಬೇಡ ಕಣ್ರೀ, ಇದು ನನ್ನ ಕೈಗೆ ಹೊಂದಿಕೊಂಡಿದೆ, ಸ್ವಲ್ಪ ಚುರುಕಾದ್ರೆ ಸಾಕು ಎನ್ನುತ್ತಾಳೆ. ಮನೆಗಳ ನಕ್ಷೆ ಬರೆಯುವವಳು, ಮೆಟ್ಟಿಲಿನ ಚಿತ್ರ ತೆರೆದರೆ ಕಂಪ್ಯೂಟರ್ ಗರ ಬಡಿದಂತೆ ನಿಲ್ಲುತ್ತದೆ, ಆಗ ಅದರ ನೆತ್ತಿ ತಟ್ಟುತ್ತಾಳೆ, ಮಗುವಿಗೆ ತಟ್ಟಿದಂತೆ, ಅವರು ಹೀಗೇ ತಟ್ತಿದ್ರು ಎನ್ನುತ್ತಾಳೆ — ತನಗೆ ಜ್ವರ ಬಂದಾಗ ಹೀಗೆ ತಟ್ಟಿದ್ದಳೇ? ಮಾತ್ರೆ ಕೊಟ್ಟಳು, ಅಷ್ಟೆ. ಸತ್ತೆಮ್ಮೆಗೆ ಹತ್ತು ಸೇರು ಹಾಲಂತೆ. ಅದಕ್ಕೇ ಪ್ರೊಸೆಸರ್, ಅದರ ಮಿದುಳು, ನಾನೇ ಬದಲಾಯಿಸ್ತೀನಿ ಅಂದದ್ದು, ಇಲ್ಲೇ ಬಿಟ್ಟು ಹೋಗಿ ಸಾರ್ ಎಂದ ಅಂಗಡಿಯವನ ಮಾತು ಕೇಳದೆ. ದಿನವೆಲ್ಲ ಕನ್ನಡಕಗಳ ಸ್ಕ್ರೂ ತಿರುಗಿಸುವ ಕೈಗೆ ಇದೇನು ಮಹಾ, ಮಿದುಳೇ ತನ್ನದಾದ ಮೇಲೆ ಅವನದು ಬರೀ ಡಬ್ಬಿ, ಇಟ್ಟುಕೊಳ್ಳಲಿ.

ಫ್ಯಾನ್ ಬಿಚ್ಚಿ, ಅದರಡಿಯ ಲೋಹದ ದಿಮ್ಮಿಯನ್ನು ಅತ್ತಿತ್ತ ಆಡಿಸಿ ಎತ್ತಿದ, ಶಾಖ ಹೀರಲೆಂದು ಹಚ್ಚಿದ್ದ ಬೂದು ಲೇಪ ಸುಣ್ಣದಂತೆ ಒಣಗಿತ್ತು, ಪಕ್ಕಕ್ಕೆ ಮೆತ್ತಿಕೊಂಡ ಲೇಪದಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ, ನಿನ್ನೆ ಒತ್ತಿದ ಹಾಗೆ. ಸ್ಪಿರಿಟ್ ಹಾಕಿದ ಬಟ್ಟೆ ಕೈಯಲ್ಲೇ ಇದೆ, ಒರೆಸಿದರೆ ಮುಗಿಯಿತು, ಯಾರಿಗೆ ತಿಳಿಯುತ್ತದೆ, ಕೈ ಯಾಕೆ ಏಳುತ್ತಿಲ್ಲ — ಆಯ್ತಾ? ಕಾಫಿ ಹಿಡಿದು ಅವಳು ಬಾಗಿಲಲ್ಲಿ. ಇನ್ನೂ ಇಲ್ಲ. ಏನ್ರೀ ಅದು? ಏನಿಲ್ಲ, ಹಳೇ ಕೊಳೆ. ಬಗ್ಗಿ ನೋಡಿದಳು, ಅಯ್ಯೋ, ಇದು ಅವರ ಬೆರಳು ಕಣ್ರೀ, ಬೆರಳಲ್ಲೇ ಹಚ್ಚಿ ನನ್ನ ಹೊಸ ದುಪ್ಪಟ್ಟಾಗೆ ಒರೆಸಿದ್ರು, ಎಷ್ಟು ಜಗಳ ಆಡಿದ್ದೆ ಗೊತ್ತಾ — ಮತ್ತು ನಗು, ಈ ನಗುವನ್ನು ತಾನು ಕೇಳಿಯೇ ಇಲ್ಲ, ಮೂಗಿನಿಂದ ಹೊರಟು ಗಂಟಲಲ್ಲಿ ಮುರಿಯುವ ನಗು, ಇಷ್ಟು ದಿನ ಎಲ್ಲಿಟ್ಟಿದ್ದಳು? ನಗು ನಿಂತ ಮೇಲೆ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟಳು. ಸುಮ್ಮನೆ. ತೆಗೆದಳು. ಒರೆಸಿಬಿಡಿ, ಇಲ್ದಿದ್ರೆ ಬಿಸಿಯಾಗುತ್ತಲ್ವಾ? ಬೇಜಾರಾಯ್ತಾ ನಿಮ್ಗೆ? ಛೆ, ನನಗ್ಯಾಕೆ.

ಒರೆಸಿದ. ಹಳೆಯದನ್ನು ತೆಗೆದು ಹೊಸ ಪ್ರೊಸೆಸರನ್ನು ಮೂಲೆಯ ಗುರುತು ನೋಡಿಕೊಂಡು, ಒತ್ತದೆ, ಹೂ ಇಟ್ಟ ಹಾಗೆ ಕೂರಿಸಿದ, ಲೇಪ ಹಚ್ಚಿದ, ಎಲ್ಲ ಬಿಗಿದು ಗುಂಡಿ ಒತ್ತಿದರೆ ಮೆಟ್ಟಿಲುಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ, ಅಬ್ಬಾ, ನಿಮ್ಮ ಕೈಗುಣವೇ ಕೈಗುಣ, ತೋಳು ಹಿಡಿದು ಅಲ್ಲಾಡಿಸಿದಳು, ಗೆದ್ದೆ ಅನ್ನಬೇಕು, ಗೆದ್ದದ್ದೇ ಅಲ್ಲವೇ, ಬಟ್ಟೆಯಲ್ಲೊಂದು ಬೂದು ಕಲೆ, ಅಷ್ಟೇ ಅವನು, ಕಸಕ್ಕೆ ಹಾಕಿದರಾಯಿತು, ಅವಳೇ ಅಲ್ಲವೇ ಒರೆಸು ಅಂದದ್ದು, ಅವಳೇ, ಬೆರಳು ತೆಗೆದ ಮೇಲೆ, ತಡವಾಗಿ ತೆಗೆದಳೇ? ಇಲ್ಲ, ಒಂದು ಉಸಿರು, ಎರಡು ಉಸಿರು, ಎಷ್ಟು ಅಗಲದ ಗುರುತು ಅದು, ಅದರೊಳಗೆ ಅವಳ ಸಣ್ಣ ಹೆಬ್ಬೆರಳು, ಒರೆಸಿದ ಲೋಹದ ಮೇಲೆ ಏನೂ ಇಲ್ಲ ಈಗ, ಏನೂ ಇಲ್ಲ, ಅವಳ ಹೆಬ್ಬೆರಳು, ಅದರೊಳಗೆ, ಸುಮ್ಮನೆ —